ಕಡಲಿಗೆ ಇಳಿಯಬೇಕೋ ಬೇಡವೋ? ಮುಂಬೈ ಮೀನುಗಾರರು ಹವಾಮಾನ ನೋಡಿ ನಿರ್ಧರಿಸುವುದು ಹೀಗೆ

ಮುಂಬೈ: ಊರಲ್ಲಿ ಮಳೆ ಇಲ್ಲ, ಬಿಸಿಲು ಚೆನ್ನಾಗಿದೆ, ಲೋಕಲ್ ರೈಲುಗಳೂ ಸಮಯಕ್ಕೆ ಸರಿಯಾಗಿ ಓಡುತ್ತಿವೆ. ಆದರೆ ವರ್ಸೋವಾ, ಮಢ್, ವರ್ಲಿ, ಕಫ್ ಪರೇಡ್‌ನ ಕೋಲಿವಾಡಗಳಲ್ಲಿ ಒಂದು ದೋಣಿಯೂ ದಡ ಬಿಟ್ಟು ಕದಲಿಲ್ಲ. ಮರುದಿನ ಸಸೂನ್ ಡಾಕ್‌ನಲ್ಲಿ ಬುಟ್ಟಿಗಳು ಖಾಲಿ, ಮಾರುಕಟ್ಟೆಯಲ್ಲಿ ಪಾಂಫ್ರೆಟ್ ದರ ಏರಿಕೆ. ವಿಚಾರಿಸಿದರೆ ಸಿಗುವುದು 'ಹವಾಮಾನ ಸರಿಯಿಲ್ಲ' ಎಂಬ ಒಂದೇ ಉತ್ತರ.

ಹವಾಮಾನ ಸರಿಯಿಲ್ಲ ಎಂದರೆ ನಿಖರವಾಗಿ ಏನು? ಯಾವ ಗಾಳಿಗೆ ದೋಣಿ ನಿಲ್ಲಿಸಬೇಕು, ಯಾವ ಅಲೆಗೆ ಹಿಂತಿರುಗಬೇಕು, ಅದನ್ನು ಹೇಳುವವರು ಯಾರು? ಮುಂಬೈ ಮಾತ್ರವಲ್ಲ, ಕಾರವಾರ, ಮಲ್ಪೆ, ಮಂಗಳೂರಿನ ಮೀನುಗಾರರಿಗೂ ಇದೇ ಪ್ರಶ್ನೆ. ಕರಾವಳಿ ಕನ್ನಡಿಗರಿಗೂ ಮುಂಬೈಗೂ ಇರುವ ನಂಟು ಹಳೆಯದು. ಉಡುಪಿ, ದಕ್ಷಿಣ ಕನ್ನಡದ ಮೊಗವೀರರು ಮುಂಬೈನಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದು 1902ರಲ್ಲಿ. ಕಡಲು ಒಂದೇ, ಅರಬ್ಬಿ ಸಮುದ್ರದಲ್ಲಿ ಏಳುವ ಚಂಡಮಾರುತವೂ ಒಂದೇ.

ಚಳಿಯಲ್ಲ, ಗಾಳಿಯೇ ಲೆಕ್ಕ

ಕೆನಡಾ, ಅಮೆರಿಕದಂತಹ ಶೀತ ದೇಶಗಳಲ್ಲಿ ಬೇಟೆಗೆ ಹೊರಡುವವರು ಮೊದಲು ನೋಡುವುದು ತಾಪಮಾನ. ಬರೀ ತಾಪಮಾನವನ್ನಲ್ಲ, ಗಾಳಿ ಸೇರಿದಾಗ ಮೈಗೆ ತಟ್ಟುವ ಚಳಿಯನ್ನು. ಥರ್ಮಾಮೀಟರ್ ಮೈನಸ್ 10 ಡಿಗ್ರಿ ತೋರಿಸುತ್ತಿದ್ದು, ಗಂಟೆಗೆ 30 ಕಿ.ಮೀ. ಗಾಳಿ ಬೀಸುತ್ತಿದ್ದರೆ ಚರ್ಮಕ್ಕೆ ಅದು ಸುಮಾರು ಮೈನಸ್ 20 ಡಿಗ್ರಿಯಂತೆ ತಟ್ಟುತ್ತದೆ. 2001ರಿಂದ ಆ ದೇಶಗಳಲ್ಲಿ ಬಳಕೆಯಲ್ಲಿರುವ ಈ ಸೂತ್ರ 10 ಡಿಗ್ರಿಗಿಂತ ಮೇಲಿನ ತಾಪಮಾನಕ್ಕೆ ಅನ್ವಯಿಸುವುದೇ ಇಲ್ಲ.

ಭಾರತದಲ್ಲಿ ಕಾಡುಪ್ರಾಣಿಗಳ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೆರೆ ಎಳೆದಿದೆ. ಮುಂಬೈಯಂತಹ ಮಹಾನಗರದ ಅಂಚಿನಲ್ಲಿ ಇಂದಿಗೂ ನಿತ್ಯ ನಡೆಯುತ್ತಿರುವ ಬೇಟೆ ಎಂದರೆ ಮೀನುಬೇಟೆ. ಇಲ್ಲಿ ಚಳಿಗೆ ಹೆದರಿ ದೋಣಿ ನಿಲ್ಲಿಸುವ ಪ್ರಮೇಯ ಬರುವುದು ತೀರಾ ಅಪರೂಪ. ಸಾಂತಾಕ್ರೂಜ್‌ನಲ್ಲಿ ದಾಖಲಾಗಿರುವ ಅತಿ ಕನಿಷ್ಠ ತಾಪಮಾನವೇ 7.4 ಡಿಗ್ರಿ, ಅದೂ 1962ರ ಜನವರಿ 22ರಂದು. ನಿಜ ಹೇಳಬೇಕೆಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಗಾಲವೇ ಇಲ್ಲಿನ ಕಡಲಿಗೆ ಪ್ರಶಸ್ತ ಕಾಲ. ಅಲೆ ಕಡಿಮೆ, ಗಾಳಿ ಒಣ. ವರ್ಸೋವಾ, ಮಢ್ ಕಡೆ ಬಿದಿರಿನ ಅಟ್ಟಗಳ ಮೇಲೆ ಬೊಂಬಿಲ್ ಒಣಗಲು ಹಾಕುವುದಕ್ಕೆ ಈ ಒಣ ಗಾಳಿಯೇ ಬೇಕು. ಒಂದು ಅಕಾಲಿಕ ಮಳೆ ಬಿದ್ದರೆ ದೋಣಿಗೆ ಏನೂ ಆಗದಿದ್ದರೂ ಒಣಮೀನು ಹಾಳಾಗುತ್ತದೆ.

ಹಾಗೆಂದು ಚಳಿಗಾಲ ಪೂರ್ತಿ ನಿರಾತಂಕವಲ್ಲ. ಉತ್ತರ ಭಾರತವನ್ನು ದಾಟಿಹೋಗುವ ಪಶ್ಚಿಮದ ಪ್ರಕ್ಷುಬ್ಧತೆಯ ಬೆನ್ನಿಗೆ ವಾಯವ್ಯದಿಂದ ಜೋರು ಗಾಳಿ ನುಗ್ಗುವುದುಂಟು. 2022ರ ಜನವರಿ 23ರಂದು ಕರಾಚಿ ಕಡೆಯಿಂದ ಬಂದ ದೂಳು ಮುಂಬೈ ಆಗಸವನ್ನೇ ಮುಚ್ಚಿತ್ತು. ಹಗಲಿನ ತಾಪಮಾನ ಕುಸಿಯಿತು, ಎದುರಿನ ಕಟ್ಟಡಗಳೂ ಮಸುಕಾದವು. ಅಂತಹ ದಿನ ದೋಣಿಯವರಿಗೆ ತೊಂದರೆ ಕೊಡುವುದು ಚಳಿಗಿಂತ ಹೆಚ್ಚಾಗಿ ಗಾಳಿ ಮತ್ತು ಕಾಣದ ದಾರಿ.

ನೀರಿಗೆ ಬಿದ್ದವರ ಕಥೆ ಬೇರೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಎಳೆದುಕೊಳ್ಳುತ್ತದೆ. ಬೆಚ್ಚಗಿದೆ ಎನಿಸುವ ಅರಬ್ಬಿ ಸಮುದ್ರದ ನೀರೂ ದೇಹಕ್ಕಿಂತ ಹಲವು ಡಿಗ್ರಿ ತಣ್ಣಗೇ ಇರುತ್ತದೆ. ಗಂಟೆಗಟ್ಟಲೆ ತೇಲುತ್ತಿದ್ದವರು ಮುಳುಗದಿದ್ದರೂ ದೇಹ ತಣ್ಣಗಾಗಿ ಕೈಕಾಲು ಸೋಲುತ್ತವೆ.

ಮೊದಲ ನಿರ್ಧಾರ ಸರ್ಕಾರದ್ದು: ಏನಿದು 61 ದಿನಗಳ ನಿಷೇಧ?

ಪಶ್ಚಿಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆ ನಡೆಸುವಂತಿಲ್ಲ. ಗುಜರಾತ್‌ನಿಂದ ಕೇರಳದವರೆಗಿನ ಈ ಕಡಲಿನಲ್ಲಿ ದಡದಿಂದ 12 ನಾಟಿಕಲ್ ಮೈಲಿವರೆಗೆ ಆಯಾ ರಾಜ್ಯದ ಕಾನೂನು, ಅದರಾಚೆಗೆ ಕೇಂದ್ರದ ಆದೇಶ ನಡೆಯುತ್ತದೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಆಧಾರ 1981ರ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಪೂರ್ವ ಕರಾವಳಿಯಲ್ಲಿ ಇದೇ 61 ದಿನಗಳ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುತ್ತದೆ.

ನಿಷೇಧಕ್ಕೆ ಕಾರಣ ಎರಡು. ಮಳೆಗಾಲ ಹಲವು ಜಾತಿಯ ಮೀನುಗಳು ಮೊಟ್ಟೆ ಇಡುವ ಕಾಲ. ನೈಋತ್ಯ ಮುಂಗಾರು ಕಡಲನ್ನು ಕಡೆಯುವ ಕಾಲವೂ ಅದೇ. ಎಂಜಿನ್ ಇಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಎಂಜಿನ್ ಹಾಕಿದ ನಾಡದೋಣಿಗಳಿಗೂ ಅವಕಾಶ ಇರುವುದರಿಂದ ಮಳೆಗಾಲದಲ್ಲಿ ಉಡುಪಿ, ದಕ್ಷಿಣ ಕನ್ನಡದ ತೀರದಲ್ಲಿ ನಾಡದೋಣಿಗಳು ಕಾಣಸಿಗುತ್ತವೆ.

ಕ್ಯಾಲೆಂಡರ್ ಹಾಕಿದ ಈ ಗೆರೆ ಸರಳ. ತೊಂದರೆ ಏನೆಂದರೆ ಮುಂಗಾರು ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಮುಂಬೈಗೆ ಮುಂಗಾರು ತಲುಪುವ ವಾಡಿಕೆಯ ದಿನ ಜೂನ್ 11. ಆದರೆ 2025ರಲ್ಲಿ ಅದು ಮೇ 26ರಂದೇ ಬಂದಿತು. ಅಲ್ಲಿಯವರೆಗೆ ದಾಖಲೆಯಾಗಿದ್ದ 1956ರ ಮೇ 29ಕ್ಕಿಂತಲೂ ಇದು ಮೂರು ದಿನ ಮೊದಲು. ಅದಕ್ಕೂ ಎರಡು ದಿನ ಹಿಂದೆ, ಮೇ 24ರಂದು, ವಾಯುಭಾರ ಕುಸಿತವೊಂದು ರತ್ನಾಗಿರಿ ಸಮೀಪ ಕೊಂಕಣ ತೀರವನ್ನು ದಾಟಿತ್ತು. ಕಾನೂನಿನ ಪ್ರಕಾರ ಮೀನುಗಾರಿಕೆಗೆ ಇನ್ನೂ ಒಂದು ವಾರ ಬಾಕಿ ಇತ್ತು. ಕಡಲಿನ ಪ್ರಕಾರ ಋತು ಮುಗಿದಿತ್ತು. ಸಾಲದ ಕಂತು, ಕಲಾಸಿಗಳ ಲೆಕ್ಕ ಚುಕ್ತಾ ಮಾಡಲು ಮೇ ಕೊನೆಯ ವಾರದ ಮೀನನ್ನೇ ನಂಬಿದ್ದವರಿಗೆ ಅದು ನೇರ ಹೊಡೆತ.

ಎರಡನೇ ನಿರ್ಧಾರ ಹುಣ್ಣಿಮೆಯದ್ದು

ಜುಲೈ 31ಕ್ಕೆ ನಿಷೇಧ ಮುಗಿಯಿತು ಎಂದು ಆಗಸ್ಟ್ 1ರಂದೇ ಎಲ್ಲರೂ ಹೊರಡುವುದಿಲ್ಲ. ಕೋಳಿ ಸಮುದಾಯದ ಹಳೆಯ ಕಟ್ಟಳೆ ಬೇರೆಯೇ ಇದೆ. ಶ್ರಾವಣ ಹುಣ್ಣಿಮೆಯಂದು, ಅಂದರೆ ನಾರಳಿ ಪೂರ್ಣಿಮೆಯಂದು, ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ನೀರಿಗೆ ಇಳಿಯಬೇಕು. ಕರ್ನಾಟಕದ ಕರಾವಳಿಯಲ್ಲೂ ಸಮುದ್ರ ಪೂಜೆಯ ಸಂಪ್ರದಾಯ ಇದೆ. ಹಾಲು, ಹೂವು, ತೆಂಗಿನಕಾಯಿ ಸಮರ್ಪಿಸಿ ಕಡಲಿನ ಅಪ್ಪಣೆ ಪಡೆಯುತ್ತಾರೆ.

ಇದು ಬರೀ ಆಚರಣೆ ಎಂದು ತಳ್ಳಿಹಾಕುವಂತಿಲ್ಲ. ಶ್ರಾವಣ ಹುಣ್ಣಿಮೆಯ ಹೊತ್ತಿಗೆ ಮುಂಗಾರಿನ ಅಬ್ಬರ ಸಾಮಾನ್ಯವಾಗಿ ಇಳಿಮುಖವಾಗಿರುತ್ತದೆ. ಆದರೆ ಚಾಂದ್ರಮಾನದ ದಿನ ಪ್ರತಿ ವರ್ಷ ಜಾಗ ಬದಲಿಸುತ್ತದೆ. 2023ರಲ್ಲಿ ಅಧಿಕ ಮಾಸ ಬಂದು ಹುಣ್ಣಿಮೆ ಆಗಸ್ಟ್ ಕೊನೆಗೆ ಹೋಯಿತು. 2024ರಲ್ಲಿ ಆಗಸ್ಟ್ 19, 2025ರಲ್ಲಿ ಆಗಸ್ಟ್ ಎರಡನೇ ವಾರ. ಸಂಪ್ರದಾಯ ಪಾಲಿಸುವವರಿಗೆ ಒಂದು ವರ್ಷ ಹತ್ತು ದಿನ, ಇನ್ನೊಂದು ವರ್ಷ ಸುಮಾರು ಒಂದು ತಿಂಗಳು ಹೆಚ್ಚುವರಿ ರಜೆ. ಅಷ್ಟರಲ್ಲಿ ದೊಡ್ಡ ಟ್ರಾಲ್ ಬೋಟ್‌ಗಳು ಹೋಗಿ ಬಂದಿರುತ್ತವೆ. ನಿಷೇಧವನ್ನು ಆಗಸ್ಟ್ 15ರವರೆಗೆ ವಿಸ್ತರಿಸಿ ಎಂಬ ಬೇಡಿಕೆ ಮಹಾರಾಷ್ಟ್ರದ ಮೀನುಗಾರ ಸಂಘಟನೆಗಳಿಂದ ಮತ್ತೆ ಮತ್ತೆ ಕೇಳಿಬರುವುದರ ಹಿಂದೆ ಈ ಅಸಮಾಧಾನವೂ ಇದೆ.

ಎಷ್ಟು ಗಾಳಿಗೆ ಎಚ್ಚರಿಕೆ? 45 ಕಿ.ಮೀ. ಎಂಬ ಸಂಖ್ಯೆ

ನಿಷೇಧದ ಹೊರಗಿನ ಹತ್ತು ತಿಂಗಳು ದೋಣಿಯನ್ನು ತಡೆಯುವುದು ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ. ಕರಾವಳಿಯ ಹೊರಗೆ ಗಾಳಿಯ ವೇಗ ಗಂಟೆಗೆ 45 ಕಿ.ಮೀ. ಮೀರುವ ಸೂಚನೆ ಇದ್ದರೆ ಎಚ್ಚರಿಕೆ ಹೊರಡುತ್ತದೆ. ಮಳೆಯೊಂದಿಗೆ 36 ಕಿ.ಮೀ. ಮೀರಿದ ಬಿರುಗಾಳಿ ಬೀಸುತ್ತಲೇ ಇರುವಂತಿದ್ದರೂ, ಅಲೆಗಳ ಎತ್ತರ 4 ಮೀಟರ್ ಮುಟ್ಟುವಂತಿದ್ದರೂ ಎಚ್ಚರಿಕೆ ಕೊಡಲಾಗುತ್ತದೆ. ಪ್ರಕಟಣೆಗಳಲ್ಲಿ ಆಗಾಗ ಕಾಣುವ 'ಗಂಟೆಗೆ 45ರಿಂದ 55 ಕಿ.ಮೀ., ಕೆಲವೊಮ್ಮೆ 65 ಕಿ.ಮೀ. ವೇಗದ ಗಾಳಿ, ಮೀನುಗಾರರು ಕಡಲಿಗೆ ಇಳಿಯಬಾರದು' ಎಂಬ ಸಾಲಿನ ಮೂಲ ಇದೇ.

45 ಕಿ.ಮೀ. ಎಂದರೆ ಬೈಕ್ ಸವಾರರಿಗೆ ಏನೂ ಅಲ್ಲ ಎನಿಸಬಹುದು. ಆದರೆ ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 30 ಕಿ.ಮೀ. ಗಾಳಿ 60 ಆದರೆ ದೋಣಿಯ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಇಲಾಖೆಯ ವರ್ಗೀಕರಣದಲ್ಲಿ ಗಂಟೆಗೆ 31ರಿಂದ 49 ಕಿ.ಮೀ. ಗಾಳಿ ಇದ್ದರೆ ಅದು ವಾಯುಭಾರ ಕುಸಿತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 62 ದಾಟಿದರೆ ಚಂಡಮಾರುತ. ಹೆಸರು ಪಡೆಯುವುದು ಚಂಡಮಾರುತ ಮಾತ್ರ. ಸಣ್ಣ ದೋಣಿ ಮುಳುಗಲು ಹೆಸರಿರುವ ಗಾಳಿಯೇ ಬೇಕೆಂದಿಲ್ಲ.

ಓದುಗರು ಗೊಂದಲಕ್ಕೆ ಬೀಳುವ ಜಾಗ ಇನ್ನೊಂದಿದೆ. ಟಿವಿಯಲ್ಲಿ ಬರುವ ಹಳದಿ, ಕಿತ್ತಳೆ, ಕೆಂಪು ಅಲರ್ಟ್‌ಗಳು ಹೆಚ್ಚಾಗಿ ನೆಲದ ಮೇಲಿನ ಮಳೆಗೆ ಸಂಬಂಧಿಸಿದವು. 24 ಗಂಟೆಗಳಲ್ಲಿ 204.4 ಮಿ.ಮೀ. ಮೀರಿದರೆ ಅತ್ಯಂತ ಭಾರೀ ಮಳೆ ಎಂದೆಲ್ಲ ಅದರ ಲೆಕ್ಕ. ಮುಂಬೈಗೆ ಯಾವ ಅಲರ್ಟ್ ಇಲ್ಲದ ದಿನವೂ ಕಡಲಿನಲ್ಲಿ ಗಾಳಿ ಜೋರಾಗಿರಬಹುದು. ಮೀನುಗಾರರ ಎಚ್ಚರಿಕೆ ಪ್ರತ್ಯೇಕ ಪ್ರಕಟಣೆ. ಅದನ್ನು ಪ್ರತ್ಯೇಕವಾಗಿಯೇ ನೋಡಬೇಕು.

ಮೊಬೈಲ್ ಇಲ್ಲದ ಕಾಲದಲ್ಲಿ ಬಂದರಿನ ಕಂಬವೇ ಮೀನುಗಾರರಿಗೆ ಸುದ್ದಿಪತ್ರಿಕೆ. ಹಗಲಿನಲ್ಲಿ ಶಂಕು, ಸಿಲಿಂಡರ್ ಆಕೃತಿಗಳು, ರಾತ್ರಿಯಲ್ಲಿ ಕೆಂಪು-ಬಿಳಿ ದೀಪಗಳು. ಒಟ್ಟು 11 ಸಂಕೇತಗಳ ಈ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. 1 ಮತ್ತು 2 ದೂರದ ಎಚ್ಚರಿಕೆ, 3 ಮತ್ತು 4 ಆ ಬಂದರಿಗೇ ಸಂಬಂಧಿಸಿದ ಎಚ್ಚರಿಕೆ, 5ರಿಂದ 7 ಅಪಾಯ, 8ರಿಂದ 10 ಮಹಾ ಅಪಾಯ. 11ನೇ ಸಂಕೇತದ ಅರ್ಥ ವಿಚಿತ್ರವಾದರೂ ಪ್ರಾಮಾಣಿಕವಾದುದು: ಚಂಡಮಾರುತ ಎಚ್ಚರಿಕೆ ಕೇಂದ್ರದೊಂದಿಗೆ ಸಂಪರ್ಕವೇ ಕಡಿದುಹೋಗಿದೆ. 'ಮುಂಬೈ ಬಂದರಿನಲ್ಲಿ 3ನೇ ಸಂಕೇತ' ಎಂಬ ಸುದ್ದಿ ಕಂಡರೆ ಬಿರುಗಾಳಿ ಸಹಿತ ಹವಾಮಾನ ಆ ಬಂದರನ್ನೇ ತಟ್ಟುವ ಸಾಧ್ಯತೆ ಇದೆ ಎಂದರ್ಥ.

'4.5 ಮೀಟರ್ ಅಲೆ' ಎಂಬುದು ಅಲೆಯೇ ಅಲ್ಲ

ಪ್ರತಿ ಮಳೆಗಾಲದಲ್ಲೂ 'ಇಂದು ಮುಂಬೈಗೆ 4.8 ಮೀಟರ್ ಎತ್ತರದ ಅಲೆಗಳು ಅಪ್ಪಳಿಸಲಿವೆ' ಎಂಬ ಶೀರ್ಷಿಕೆಗಳು ಬರುತ್ತವೆ. ಅಲ್ಲಿ ಹೇಳುತ್ತಿರುವುದು ಅಲೆಯ ಎತ್ತರವಲ್ಲ, ಉಬ್ಬರದ ಮಟ್ಟ. ಸೂರ್ಯ ಚಂದ್ರರ ಸೆಳೆತದಿಂದ ಇಡೀ ಕಡಲಿನ ನೀರು ಎಷ್ಟು ಮೇಲೇರುತ್ತದೆ ಎಂಬ ಲೆಕ್ಕ ಅದು. ಅದನ್ನು ವರ್ಷಗಳ ಮೊದಲೇ ಕೋಷ್ಟಕ ಹಾಕಿ ಹೇಳಬಹುದು. ಉಬ್ಬರ 4.5 ಮೀಟರ್ ಮೀರುವ ದಿನಗಳ ಪಟ್ಟಿಯನ್ನು ಪಾಲಿಕೆ ಪ್ರಕಟಿಸುವುದು ನಗರದ ಚರಂಡಿ ನೀರು ಕಡಲಿಗೆ ಹರಿಯದೆ ರಸ್ತೆಗೆ ನುಗ್ಗುತ್ತದೆಂಬ ಕಾರಣಕ್ಕೆ. ಗಾಳಿ ಇಲ್ಲದಿದ್ದರೆ 4.8 ಮೀಟರ್ ಉಬ್ಬರದ ದಿನವೂ ಕಡಲು ತಟ್ಟೆಯಂತೆ ಶಾಂತವಾಗಿರಬಹುದು.

ಅಲೆಯ ಮುನ್ಸೂಚನೆ ಹೊರಡುವುದು ಹೈದರಾಬಾದ್‌ನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರದಿಂದ, ಅಂದರೆ ಇನ್‌ಕಾಯಿಸ್‌ನಿಂದ. ಅದು ಹೇಳುವ ಎತ್ತರ ಒಂದು ಬಗೆಯ ಸರಾಸರಿ. ಬರುವ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಭಾಗವನ್ನು ತೆಗೆದುಕೊಂಡು ಅದರ ಸರಾಸರಿ ಹಾಕುತ್ತಾರೆ. ಹೀಗಾಗಿ ಮುನ್ಸೂಚನೆಯಲ್ಲಿ 2 ಮೀಟರ್ ಎಂದಿದ್ದರೆ ನಡುನಡುವೆ ಅದರ ಸುಮಾರು ಎರಡು ಪಟ್ಟು ಎತ್ತರದ ಒಂಟಿ ಅಲೆ ಬರುವುದು ಅಸಹಜವಲ್ಲ. ಬಲೆ ಎಳೆಯಲು ಎಲ್ಲರೂ ಒಂದೇ ಬದಿಗೆ ವಾಲಿರುವಾಗ ಅಂತಹ ಒಂದು ಅಲೆ ಸಾಕು.

ಅದೇ ಕೇಂದ್ರ ಸಣ್ಣ ದೋಣಿಗಳಿಗೆಂದೇ ಬೇರೆ ಸೂಚನೆಯನ್ನೂ ಕೊಡುತ್ತದೆ. 7 ಮೀಟರ್‌ವರೆಗೆ ಅಗಲವಿರುವ ದೋಣಿಗಳಿಗೆ ಅಲೆಯ ಎತ್ತರದ ಜೊತೆಗೆ ಅದರ ಕಡಿದಾದ ಏರು, ಬರುವ ದಿಕ್ಕು, ಗಾಳಿ ದಿಢೀರ್ ಏರುವ ಸಾಧ್ಯತೆ ಎಲ್ಲವನ್ನೂ ಸೇರಿಸಿ ಮಗುಚುವ ಅಪಾಯವನ್ನು ಲೆಕ್ಕ ಹಾಕಲಾಗುತ್ತದೆ. ಇದು ಮುಖ್ಯ, ಏಕೆಂದರೆ 60 ಅಡಿಯ ಟ್ರಾಲ್ ಬೋಟ್‌ಗೆ ಸಹ್ಯವಾದ ಕಡಲು ಮಾಹಿಮ್‌ನ ಸಣ್ಣ ದೋಣಿಗೆ ಸಹ್ಯವಾಗಬೇಕೆಂದಿಲ್ಲ. ಕಡಲು ಎಲ್ಲರಿಗೂ ಒಂದೇ, 'ಹವಾಮಾನ ಸರಿಯಿಲ್ಲ' ಎಂಬ ಗೆರೆ ಮಾತ್ರ ದೋಣಿಗೊಂದು.

ಗಾಳಿಯೇ ಇಲ್ಲದೆ ಬರುವ ಅಲೆಗಳೂ ಇವೆ. ಸಾವಿರಾರು ಕಿ.ಮೀ. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ದಿನಗಟ್ಟಲೆ ಸಾಗಿ ಬಂದು ನಮ್ಮ ತೀರಕ್ಕೆ ಅಪ್ಪಳಿಸುತ್ತವೆ. ಕೇರಳದವರು ಇದಕ್ಕೆ 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನಂತೆ ಹೇಳದೆ ಬರುವ ಕಡಲು. ಎಚ್ಚರಿಕೆ ಪ್ರಕಟಣೆಗಳಲ್ಲೂ ಈಗ ಇದೇ ಪದ ಬಳಕೆಯಾಗುತ್ತದೆ.

ದಡದ ಹತ್ತಿರವೇ ಇರುವ ಅಪಾಯ

ಆಳ ಕಡಲಿಗಿಂತ ದಡದ ಬಳಿ ಕಡಲು ಸೌಮ್ಯ ಎಂಬುದು ಹೊರಗಿನವರ ಕಲ್ಪನೆ. ವರ್ಸೋವಾ ಮತ್ತು ಮಢ್ ನಡುವಿನ ಮಲಾಡ್ ಖಾರಿ, ಮನೋರಿ ಖಾರಿ, ಮಾಹಿಮ್ ಖಾರಿ ಇವೆಲ್ಲ ದೋಣಿಗಳು ಹೋಗಿ ಬರುವ ಬಾಗಿಲುಗಳು. ಕರ್ನಾಟಕದ ಕರಾವಳಿಯಲ್ಲಿ ಇದನ್ನೇ ಅಳಿವೆ ಬಾಗಿಲು ಎನ್ನುತ್ತಾರೆ. ಇಳಿತದ ಹೊತ್ತಿನಲ್ಲಿ ಖಾರಿಯ ನೀರು ರಭಸದಿಂದ ಹೊರಗೆ ಹರಿಯುತ್ತಿರುತ್ತದೆ. ಅದೇ ಹೊತ್ತಿಗೆ ಪಡುವಣದ ಗಾಳಿ ಅಲೆಯನ್ನು ಒಳಗೆ ತಳ್ಳುತ್ತಿದ್ದರೆ ಎರಡೂ ಎದುರುಬದುರಾಗಿ ಅಲೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಕೆಳಗೆ ಮರಳ ದಿಬ್ಬ ಬೇರೆ. ಮನೆ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದ ದೋಣಿ ಮಗುಚುವುದು ಇಂತಹ ಜಾಗದಲ್ಲೇ. ಹೀಗಾಗಿ ಅನುಭವಿ ತಾಂಡೇಲ ಹವಾಮಾನ ನೋಡುವಾಗ ಹೊರಡುವ ಹೊತ್ತಿನ ಗಾಳಿಯನ್ನಷ್ಟೇ ನೋಡುವುದಿಲ್ಲ, ತಾನು ವಾಪಸ್ ಬರುವ ಹೊತ್ತಿಗೆ ಉಬ್ಬರ ಇರುತ್ತದೋ ಇಳಿತ ಇರುತ್ತದೋ ಎಂದೂ ಲೆಕ್ಕ ಹಾಕುತ್ತಾನೆ.

ಬೊಂಬಿಲ್ ಹಿಡಿಯುವ ಡೋಲ್ ಬಲೆಯವರಿಗೆ ಉಬ್ಬರ-ಇಳಿತದ ಲೆಕ್ಕ ಇನ್ನೂ ಬಿಗಿ. ಚೀಲದಂತಹ ಈ ಬಲೆಯನ್ನು ಕಡಲಲ್ಲಿ ಒಂದೆಡೆ ಕಟ್ಟಿಡುತ್ತಾರೆ, ಮೀನನ್ನು ಬಲೆಯೊಳಗೆ ತಳ್ಳುವುದು ನೀರಿನ ಸೆಳೆತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜೋರು, ಅಷ್ಟಮಿಯ ಸುತ್ತ ಮಂದ. ಮರಾಠಿಯಲ್ಲಿ ಮೊದಲನೆಯದಕ್ಕೆ ಉಧಾಣ್, ಎರಡನೆಯದಕ್ಕೆ ಭಾಂಗ್ ಎನ್ನುತ್ತಾರೆ. ಭಾಂಗ್ ದಿನಗಳಲ್ಲಿ ಕಡಲು ಶಾಂತವಿದ್ದರೂ ಹೋಗಿ ಪ್ರಯೋಜನ ಕಡಿಮೆ. ಮೀನು ಸಿಗುವ ದಿನಗಳೇ ಸೆಳೆತ ಹೆಚ್ಚಿರುವ ದಿನಗಳು ಎಂಬುದು ಈ ಕಸುಬಿನ ಒಳತೊಡಕು.

ಹೊರಟ ಮೇಲೆ ಬರುವ ಎಚ್ಚರಿಕೆ

ದಡದಲ್ಲಿ ನಿಂತು 'ಇಂದು ಬೇಡ' ಎನ್ನುವುದು ಸುಲಭದ ನಿರ್ಧಾರ. ಜೀವ ಹೋಗುವುದು ಹೆಚ್ಚಾಗಿ ಎರಡನೇ ನಿರ್ಧಾರದಲ್ಲಿ. ಆಗ ದೋಣಿ ಈಗಾಗಲೇ ಕಡಲಲ್ಲಿದೆ, ಹಿಂತಿರುಗಬೇಕೋ ಬೇಡವೋ ಎಂಬುದು ಪ್ರಶ್ನೆ.

ಲೆಕ್ಕ ನೋಡಿ. ದಡದಿಂದ 60 ನಾಟಿಕಲ್ ಮೈಲಿ, ಅಂದರೆ ಸುಮಾರು 111 ಕಿ.ಮೀ. ದೂರದಲ್ಲಿರುವ ಬೋಟ್ ಗಂಟೆಗೆ 8 ನಾಟಿಕಲ್ ಮೈಲಿ ವೇಗದಲ್ಲಿ ಬಂದರೆ ಏಳೂವರೆ ಗಂಟೆ ಬೇಕು. ಅದು ಶಾಂತ ಕಡಲಿನ ಲೆಕ್ಕ. ಎದುರುಗಾಳಿ, ಎದುರಲೆ ಇದ್ದರೆ ಇನ್ನೂ ಹಲವು ಗಂಟೆ. ಬಲೆ ಎಳೆದುಕೊಳ್ಳುವ ಸಮಯ ಬೇರೆ. ಹವಾಮಾನ ಇಲಾಖೆ ಮೀನುಗಾರರಿಗೆ ಐದು ದಿನಗಳ ಮುನ್ಸೂಚನೆ ಕೊಡುತ್ತದೆ. ಆದರೆ ಐಸ್ ತುಂಬಿಸಿಕೊಂಡು ಆಳ ಕಡಲಿಗೆ ಹೋಗುವ ಟ್ರಾಲ್ ಬೋಟ್‌ಗಳು ಹತ್ತು ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ದಿನ ಹೊರಗಿರುತ್ತವೆ. ಹೊರಡುವ ದಿನ ನೋಡಿದ ಮುನ್ಸೂಚನೆ ಅರ್ಧ ದಾರಿಯಲ್ಲೇ ಮುಗಿದಿರುತ್ತದೆ.

2017ರ ಓಖಿ ಚಂಡಮಾರುತದಲ್ಲಿ ಆಗಿದ್ದು ಇದೇ. ನವೆಂಬರ್ 29ರಂದು ವಾಯುಭಾರ ಕುಸಿತವಾಗಿದ್ದದ್ದು ಮರುದಿನವೇ ಕನ್ಯಾಕುಮಾರಿ ಬಳಿ ಚಂಡಮಾರುತವಾಯಿತು. ತಮಿಳುನಾಡು, ಕೇರಳದ ಎಷ್ಟೋ ಬೋಟ್‌ಗಳು ಅದಕ್ಕೂ ಎಷ್ಟೋ ದಿನ ಮೊದಲೇ ಹೊರಟಿದ್ದವು. ಮೊಬೈಲ್ ಸಿಗ್ನಲ್ ಇಲ್ಲದ, ದಡದ ವಿಎಚ್ಎಫ್ ರೇಡಿಯೋ ಕೂಡ ತಲುಪದ ದೂರದಲ್ಲಿದ್ದವರಿಗೆ ಸುದ್ದಿ ಮುಟ್ಟಲಿಲ್ಲ. ನೂರಾರು ಮೀನುಗಾರರು ಪ್ರಾಣ ಕಳೆದುಕೊಂಡರು ಅಥವಾ ಮರಳಿ ಬರಲೇ ಇಲ್ಲ. ಗಾಳಿಗೆ ಸಿಕ್ಕು ಉತ್ತರಕ್ಕೆ ಬಂದ ಬೋಟ್‌ಗಳಲ್ಲಿದ್ದ 900ಕ್ಕೂ ಹೆಚ್ಚು ಮೀನುಗಾರರು ಮಹಾರಾಷ್ಟ್ರದ ಸಿಂಧುದುರ್ಗ ತೀರದಲ್ಲಿ ಆಶ್ರಯ ಪಡೆದರು. ಡಿಸೆಂಬರ್ 5ರಂದು ಅದೇ ಚಂಡಮಾರುತದ ಪ್ರಭಾವಕ್ಕೆ ಮುಂಬೈ ಶಾಲೆಗಳಿಗೆ ರಜೆ ಕೊಡಲಾಯಿತು. ಡಿಸೆಂಬರ್‌ನಲ್ಲಿ ಮಳೆ ರಜೆ ಎಂದು ನಗರದವರು ಅಚ್ಚರಿಪಟ್ಟಿದ್ದರು.

ಅದಕ್ಕೂ ಮೊದಲು 2009ರ ನವೆಂಬರ್ 11ರಂದು ಫಿಯಾನ್ ಚಂಡಮಾರುತ ಅಲಿಬಾಗ್ ಮತ್ತು ಮುಂಬೈ ನಡುವೆ ತೀರ ದಾಟಿತ್ತು. ಮುಂಗಾರು ಮುಗಿದು, ಕಡಲು ತಿಳಿಯಾಗಿ, ಎಲ್ಲ ದೋಣಿಗಳೂ ಹೊರಗಿರುವ ತಿಂಗಳು ಅದು. ಮಳೆಗಾಲದ ಎರಡು ತಿಂಗಳು ಕಾನೂನು ಕಾಯುತ್ತದೆ. ಮೇ ತಿಂಗಳು ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅರಬ್ಬಿ ಸಮುದ್ರದ ಚಂಡಮಾರುತಗಳ ಕಾಲದಲ್ಲಿ ಆ ಕಾವಲಿಲ್ಲ. 2019ರ ಅಕ್ಟೋಬರ್ ಕೊನೆಯಲ್ಲಂತೂ ಕ್ಯಾರ್ ಮತ್ತು ಮಹಾ ಎಂಬ ಎರಡು ಚಂಡಮಾರುತಗಳು ಒಟ್ಟೊಟ್ಟಿಗೇ ಅರಬ್ಬಿ ಸಮುದ್ರದಲ್ಲಿದ್ದವು. ಕಡಲು ಕೆರಳಿದಾಗಲೆಲ್ಲ ಹಲವು ರಾಜ್ಯಗಳ ಬೋಟ್‌ಗಳು ಕಾರವಾರದ ಬೈತಖೋಲ ಬಂದರಿಗೆ ಬಂದು ಲಂಗರು ಹಾಕುವುದು ಕನ್ನಡ ಓದುಗರಿಗೆ ಪರಿಚಿತ ದೃಶ್ಯ. ತನ್ನ ಊರಿಗೇ ಮರಳಬೇಕೆಂಬ ಹಟ ಬಿಟ್ಟು ಹತ್ತಿರದ ಬಂದರು ಸೇರುವುದೂ ಒಂದು ನಿರ್ಧಾರವೇ.

2021ರ ಮೇ 17ರಂದು ತೌಕ್ತೆ ಮುಂಬೈನ ಪಶ್ಚಿಮಕ್ಕೆ ಕಡಲಲ್ಲೇ ಹಾದು ಗುಜರಾತ್‌ಗೆ ಹೋಯಿತು. ಕೊಲಾಬಾದಲ್ಲಿ ಗಾಳಿ ಗಂಟೆಗೆ 100 ಕಿ.ಮೀ. ಮೀರಿತ್ತು. ಮುನ್ಸೂಚನೆ ದಿನಗಳ ಮೊದಲೇ ಬಂದಿದ್ದರಿಂದ ಕರಾವಳಿ ಕಾವಲು ಪಡೆ ಮೀನುಗಾರಿಕಾ ದೋಣಿಗಳನ್ನು ವಾಪಸ್ ಕರೆಸಿತ್ತು. ಹಾಗಿದ್ದೂ ದಡದಲ್ಲಿ ಕಟ್ಟಿದ್ದ ದೋಣಿಗಳು ಒಂದಕ್ಕೊಂದು ಬಡಿದು ಕೋಲಿವಾಡಗಳಲ್ಲಿ ನಷ್ಟವಾಯಿತು. ಕಡಲಲ್ಲೇ ಉಳಿದಿದ್ದ ಪಿ-305 ಎಂಬ ಬಾರ್ಜ್ ಲಂಗರು ಕಿತ್ತು, ತೇಲಿ, ಮುಳುಗಿತು. ಅದು ಮೀನುಗಾರಿಕೆಯ ನೌಕೆಯಲ್ಲ, ತೈಲ ಕ್ಷೇತ್ರದ ಕೆಲಸಗಾರರು ಉಳಿದುಕೊಂಡಿದ್ದ ಬಾರ್ಜ್. ಅದರಲ್ಲಿದ್ದ 261 ಮಂದಿಯಲ್ಲಿ 70ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಲೈಫ್ ಜಾಕೆಟ್ ತೊಟ್ಟು ರಾತ್ರಿಯಿಡೀ ತೇಲಿದವರನ್ನು ನೌಕಾಪಡೆ ರಕ್ಷಿಸಿತು. ಮೀನುಗಾರಿಕಾ ದೋಣಿಗಳು ದಡ ಸೇರಿದ್ದ ಅದೇ ದಿನ, ಅದೇ ಗಾಳಿಯಲ್ಲಿ ಈ ದುರಂತ ನಡೆಯಿತು.

ಗೊತ್ತಿದ್ದೂ ಹೋಗುವುದೇಕೆ?

ಎಚ್ಚರಿಕೆ ಇದ್ದರೂ ಕೆಲವರು ಹೋಗುತ್ತಾರೆ. ಅದನ್ನು ಬರೀ ಹುಂಬತನ ಎಂದರೆ ತಪ್ಪಾಗುತ್ತದೆ. ಡೀಸೆಲ್ ಮತ್ತು ಐಸ್ ತುಂಬಿಸಿ, ಕಲಾಸಿಗಳಿಗೆ ಮುಂಗಡ ಕೊಟ್ಟು ಆಗಿರುತ್ತದೆ. ಐಸ್ ಕರಗುವುದನ್ನು ಯಾವ ಎಚ್ಚರಿಕೆಯೂ ನಿಲ್ಲಿಸುವುದಿಲ್ಲ. ಇನ್ನೊಂದು ವಿಪರ್ಯಾಸವೂ ಇದೆ. ಹೆಚ್ಚಿನ ದೋಣಿಗಳು ನಿಂತ ದಿನವೇ ಮೀನಿನ ದರ ಏರುತ್ತದೆ. ಅಪಾಯದ ದಿನ ಹೋಗಿ ಬಂದವನ ಬುಟ್ಟಿಗೆ ಹೆಚ್ಚು ಬೆಲೆ. ಎಚ್ಚರಿಕೆ ಕೊಟ್ಟ ದಿನ ಏನೂ ಆಗದಿದ್ದರೆ ಮುಂದಿನ ಎಚ್ಚರಿಕೆಯ ಮೇಲಿನ ನಂಬಿಕೆ ಇನ್ನಷ್ಟು ಸವೆಯುತ್ತದೆ.

ನಿಂತ ದಿನಕ್ಕೆ ಪರಿಹಾರ ಎಂಬುದು ಹೆಚ್ಚುಕಡಿಮೆ ಇಲ್ಲ. ಮೀನುಗಾರಿಕೆ ಇಲ್ಲದ ತಿಂಗಳುಗಳಿಗೆಂದು ಮತ್ಸ್ಯ ಸಂಪದ ಯೋಜನೆಯಡಿ ಸಿಗುವುದು 4,500 ರೂ. ಅದರಲ್ಲಿ 1,500 ರೂ. ಮೀನುಗಾರನೇ ಉಳಿಸಿಟ್ಟ ಹಣ, ಸರ್ಕಾರದ ಪಾಲು 3,000 ರೂ. ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,500 ರೂ. ಅದೂ ಬಡ ಕುಟುಂಬಗಳಿಗೆ ಮಾತ್ರ. ಅಕ್ಟೋಬರ್‌ನಲ್ಲಿ ಚಂಡಮಾರುತದ ಎಚ್ಚರಿಕೆಗೆ ತಲೆಬಾಗಿ ಒಂದು ವಾರ ಸುಮ್ಮನಿದ್ದವನು ಈ ಲೆಕ್ಕದೊಳಗೆ ಬರುವುದಿಲ್ಲ. ಅಪಘಾತದಲ್ಲಿ ಸತ್ತರೆ ವಿಮೆಯಡಿ ಕುಟುಂಬಕ್ಕೆ 5 ಲಕ್ಷ ರೂ. ಇದೆ. ಬದುಕಿದ್ದು ದಡದಲ್ಲಿ ಕುಳಿತರೆ ಸಿಗುವುದಕ್ಕೂ ಇದಕ್ಕೂ ಇರುವ ಅಂತರ ಕಣ್ಣಿಗೆ ರಾಚುವಂತಹದ್ದು.

ನಿರ್ಧಾರ ತಾಂಡೇಲನದ್ದು ಎನ್ನುವುದು ರೂಢಿಯ ಮಾತು. ದೋಣಿಯ ಮಾಲೀಕ ಬೇರೆಯಾಗಿದ್ದು ದಡದಲ್ಲೇ ಇದ್ದರೆ ತಾಂಡೇಲನ ಮೇಲೂ ಒತ್ತಡ ಇರುತ್ತದೆ. ದೊಡ್ಡ ಬೋಟ್‌ಗಳಲ್ಲಿ ದುಡಿಯುವ ಹೊರರಾಜ್ಯದ ಕಲಾಸಿಗಳ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಈಗ ಸುದ್ದಿ ಮುಟ್ಟುವುದು ಹೇಗೆ?

ಓಖಿಯ ಪಾಠದ ನಂತರ ಆಳ ಕಡಲಿಗೆ ಸುದ್ದಿ ಮುಟ್ಟಿಸುವ ಕೆಲಸಕ್ಕೆ ವೇಗ ಬಂದಿತು. 2024ರ ಆಗಸ್ಟ್ 30ರಂದು ಮುಂಬೈ ಸಮೀಪದ ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ನೀಡಿದ ಯೋಜನೆಯಡಿ 13 ಕರಾವಳಿ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1 ಲಕ್ಷ ಮೀನುಗಾರಿಕಾ ದೋಣಿಗಳಿಗೆ ಉಚಿತವಾಗಿ ಟ್ರಾನ್ಸ್‌ಪಾಂಡರ್ ಅಳವಡಿಸಲಾಗುತ್ತಿದೆ. ಇಸ್ರೋ ರೂಪಿಸಿದ ಈ ಸಾಧನ ಉಪಗ್ರಹದ ಮೂಲಕ ಎರಡೂ ಕಡೆಯಿಂದ ಸಂದೇಶ ಕಳುಹಿಸುತ್ತದೆ. ದಡದಿಂದ ಹವಾಮಾನದ ಎಚ್ಚರಿಕೆ ದೋಣಿಗೆ, ದೋಣಿಯಿಂದ ಅಪಾಯದ ಕರೆ ದಡಕ್ಕೆ.

ಇನ್ನುಳಿದಂತೆ, ಹವಾಮಾನ ಇಲಾಖೆಯ ಕರಾವಳಿ ಪ್ರಕಟಣೆಗಳು ದಿನಕ್ಕೆ ನಾಲ್ಕು ಬಾರಿ ಆಕಾಶವಾಣಿಯಲ್ಲಿ ಸ್ಥಳೀಯ ಭಾಷೆಗಳಲ್ಲಿ ಬರುತ್ತವೆ. ಇನ್‌ಕಾಯಿಸ್‌ನ ಸೂಚನೆಗಳು ಮರಾಠಿ, ಕನ್ನಡ ಎರಡರಲ್ಲೂ ಲಭ್ಯ. ಸಂಘಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇವು ಹರಿದಾಡುತ್ತವೆ, ಕೆಲವೊಮ್ಮೆ ಹಳೆಯ ವರ್ಷದ ನಕ್ಷೆಯೂ ಹೊಸದೆಂಬಂತೆ ಬಂದು ಗಲಿಬಿಲಿ ಉಂಟಾಗುತ್ತದೆ. ಎಚ್ಚರಿಕೆ ಓದುವಾಗ ಮೊದಲು ನೋಡಬೇಕಾದದ್ದು ದಿನಾಂಕ, ನಂತರ ಪ್ರದೇಶದ ಹೆಸರು. 'ಪೂರ್ವ-ಮಧ್ಯ ಅರಬ್ಬಿ ಸಮುದ್ರ' ಎಂದಿದ್ದರೆ ಮಹಾರಾಷ್ಟ್ರ, ಗೋವಾ, ಕರ್ನಾಟಕದ ಹೊರಗಿನ ಕಡಲು. 'ಆಗ್ನೇಯ ಅರಬ್ಬಿ ಸಮುದ್ರ' ಕೇರಳ, ಲಕ್ಷದ್ವೀಪದ ಕಡೆ. 'ಈಶಾನ್ಯ ಅರಬ್ಬಿ ಸಮುದ್ರ' ಗುಜರಾತ್ ಕಡೆ. ಚಂಡಮಾರುತಗಳು ಆಗ್ನೇಯದಲ್ಲಿ ಹುಟ್ಟಿ ಉತ್ತರಕ್ಕೆ ಸರಿಯುವುದು ಹೆಚ್ಚು. ಹೀಗಾಗಿ ಮುಂಬೈ ದೋಣಿಯವರಿಗೆ ಲಕ್ಷದ್ವೀಪದ ಎಚ್ಚರಿಕೆಯೂ ದೂರದ ಸುದ್ದಿಯಲ್ಲ.

ಕಡಲಲ್ಲಿ ಸಂಕಷ್ಟಕ್ಕೆ ಸಿಲುಕಿದವರ, ಅಥವಾ ಹೊತ್ತಿಗೆ ಸರಿಯಾಗಿ ಮರಳದವರ ಬಗ್ಗೆ ದಡದಿಂದ ತಿಳಿಸಬೇಕಾದ ಕರಾವಳಿ ಕಾವಲು ಪಡೆಯ ಸಹಾಯವಾಣಿ 1554. ವಿಎಚ್ಎಫ್ ರೇಡಿಯೋ ಇರುವ ದೋಣಿಗಳಿಗೆ ಅಪಾಯದ ಕರೆಗೆಂದು ಮೀಸಲಿರುವುದು 16ನೇ ಚಾನೆಲ್. ಕರೆ ಮಾಡುವಾಗ ದೋಣಿಯ ನೋಂದಣಿ ಸಂಖ್ಯೆ, ಹೊರಟ ಬಂದರು, ಎಷ್ಟು ಮಂದಿ ಇದ್ದಾರೆ, ಕೊನೆಯದಾಗಿ ಎಲ್ಲಿದ್ದರು ಎಂಬ ನಾಲ್ಕು ವಿವರ ಕೈಯಲ್ಲಿದ್ದರೆ ಹುಡುಕಾಟ ಬೇಗ ಶುರುವಾಗುತ್ತದೆ. ಆ ಚೀಟಿಯನ್ನು ದೋಣಿ ಹೊರಡುವ ಮುನ್ನವೇ ಬರೆದು ಮನೆಯಲ್ಲಿ ಇಟ್ಟಿರಬೇಕು.